ಕೋಟೆಯಲ್ಲಿ ಎಕುವಾ ಆಡಿದ ಮಾತು

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಎಕುವಾ ಬೆಂಟ್ಸಿಲಳ ಈ ಕಥೆಯನ್ನು ಅವಳೂ ಅವಳ ತಮ್ಮ ಕೋಬಿನಾನೂ ಒಪ್ಪಿಗೆ ಕೊಟ್ಟ ಮೇಲೆಯೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಕುರಿ ಮತ್ತು ಷ್ನಾಪ್ಸ್ ಎಂಬ ಸಾರಾಯಿಯ ಬಾಟಲಿಗಳ ದಂಡ ತೆತ್ತು, ಊರವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿತ್ತು. ನಮ್ಮ ಫಾಂಟಿ ಜನರಲ್ಲಿ ಒಬ್ಬರ ಮೂಲವನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಯಾರ ಮುತ್ತಜ್ಜಿ ಎಲ್ಲಿಂದ ಬಂದಳು, ತಾನಾಗಿ ನಡೆದು ಬಂದಳೋ ಕಟ್ಟಿ ತಂದರೋ, ಊರಿಗೆಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಬಾಯಿಗೆ ಬೀಗ. ಗುಲಾಮಳಾಗಿ ಕೊಂಡು ತಂದ ಹೆಣ್ಣು ಹೆತ್ತ ಮಕ್ಕಳು ಮನೆಯ ಮಕ್ಕಳೇ ಆಗುತ್ತಾರೆ, ಮನೆಯ ಹೆಸರು ಹೊರುತ್ತಾರೆ, ಮನೆಯ ಸಾವಿಗೆ ಎಲ್ಲರಂತೆ ಕೆಂಪು ಬಟ್ಟೆ ಉಡುತ್ತಾರೆ. ಇದು ಒಳ್ಳೆಯ ಕಟ್ಟಳೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ನನ್ನ ಹೆಸರು ಮನ್ಸಾ. ಕೇಪ್ ಕೋಸ್ಟಿನಿಂದ ಸ್ವಲ್ಪ ಪೂರ್ವಕ್ಕಿರುವ ಮೀನುಗಾರರ ಊರು ನಮ್ಮದು. ಹಿಂದೆ ಗುಲಾಮರನ್ನು ಕೂಡಿಹಾಕಿ ಹಡಗಿಗೆ ಹತ್ತಿಸುತ್ತಿದ್ದ ಕೋಟೆಯ ಬಾಗಿಲಿಗೆ ಎದುರಾಗಿ ನನ್ನ ಅಂಗಡಿ. ಮೆಕ್ಕೆಜೋಳದ ಹಿಟ್ಟು ಹುಳಿ ಬರಿಸಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಕೆಂಕಿ ಬೇಯಿಸುತ್ತೇನೆ, ಜೊತೆಗೆ ಹುರಿದ ಮೀನು, ಮೆಣಸಿನಕಾಯಿ ಚಟ್ನಿ. ಎಕುವಾ ಕೋಟೆಯಲ್ಲಿ ಗೈಡ್. ನಾವಿಬ್ಬರೂ ಒಂದೇ ದೊಡ್ಡ ಮನೆಯಲ್ಲಿ ಬೆಳೆದವರು, ತಾಯಿಯ ಕಡೆಯಿಂದ ಒಂದೇ ಕುಟುಂಬ. ನಮ್ಮಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದೇ. ಅಪ್ಪಂದಿರು ಶಾಲೆಯ ಫೀಸು ಕಟ್ಟಿದರೆ ಸಾಕು.

ಎಕುವಾ ಉದ್ದ ಕಾಲಿನ, ಕಡಿಮೆ ಮಾತಿನ ಹೆಂಗಸು. ಅವಳ ಗಂಡ ಲಾರಿ ಓಡಿಸುತ್ತಿದ್ದ. ಒಂದು ಸಲ ತಕೊರಾಡಿ ಬಂದರಿಗೆ ಸರಕು ಇಳಿಸಲು ಹೋದವನು ಅಲ್ಲೇ ಇಳಿದುಬಿಟ್ಟ. ಇನ್ನೊಬ್ಬಳ ಮನೆಯಲ್ಲಿ ಇದ್ದಾನೆಂದು ತಿಳಿದಾಗ ಎಕುವಾ ಅವನ ಅಂಗಿಗಳನ್ನು ಒಗೆದು ಮಡಿಸಿ ಬಸ್ಸಿನಲ್ಲಿ ಕಳಿಸಿದಳು. ನಾನಾಗಿದ್ದರೆ ಮೆಣಸಿನ ಪುಡಿ ಉದುರಿಸಿ ಕಳಿಸುತ್ತಿದ್ದೆ.

ಕೋಟೆಯ ಬೇರೆ ಗೈಡುಗಳದು ಒಂದು ದಾರಿ, ಅವಳದು ಇನ್ನೊಂದು. ಉಳಿದವರು ಬಂದವರನ್ನು ಕತ್ತಲೆ ಕೋಣೆಗೆ ಇಳಿಸಿ ದೀಪ ಆರಿಸುತ್ತಾರೆ, ದನಿ ನಡುಗಿಸುತ್ತಾರೆ, ಅತ್ತಷ್ಟೂ ಇನಾಮು ಹೆಚ್ಚೆಂದು ಅವರ ಲೆಕ್ಕ. ಎಕುವಾ ದೀಪ ಆರಿಸುತ್ತಿರಲಿಲ್ಲ. ಇಲ್ಲಿದ್ದವರು ಬರೀ ಅತ್ತುಕೊಂಡು ಕೂತವರಲ್ಲ ಎಂದು ಶುರು ಮಾಡುತ್ತಿದ್ದಳು. ಕಾವಲಿನವನ ಕೈ ಕಚ್ಚಿದವಳು, ಊಟ ಬಿಟ್ಟು ಸತ್ತವನು, ದೋಣಿ ಮಗುಚಿ ನೀರಿಗೆ ಹಾರಿದವರು, ಹಡಗು ಲಂಗರು ಎತ್ತುವ ಮೊದಲೇ ಸರಪಳಿಯಿಂದಲೇ ನಾವಿಕರನ್ನು ಬಡಿದವರು, ಇವರ ಕಥೆಗಳನ್ನೇ ಹೇಳುತ್ತಿದ್ದಳು. ಯಾವುದು ಹಿರಿಯರ ಬಾಯಿಂದ ಕೇಳಿದ್ದು, ಯಾವುದು ಖಂಡಿತ ಗೊತ್ತಿರುವುದು ಎಂದು ಬಿಡಿಸಿ ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಅದಕ್ಕೇ ಅವಳಿಗೆ ಇನಾಮು ಕಡಿಮೆ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಕುಟುಂಬದಲ್ಲಿ ಯಾರು ಸತ್ತರೂ ಹೆಣ ತೊಳೆಯುವುದು ಅವಳ ತಾಯಿ ಮಾಮೆ ಅರಬಾ, ಮತ್ತು ಜೊತೆಗೆ ಎಕುವಾ. ಅದಕ್ಕೆ ಮೊದಲು ಮಾಮೆ ಅರಬಾ ಅವರ ತಾಯಿ. ಇಷ್ಟು ಹೆಂಗಸರಿರುವ ಮನೆಯಲ್ಲಿ ಅವರೇ ಯಾಕೆ ಎಂದು ನಾವು ಯಾರೂ ಕೇಳಿದವರಲ್ಲ.

ಆ ವರ್ಷ ನಮ್ಮ ಕುಟುಂಬದ ಯಜಮಾನ ಎಗ್ಯಾ ಅಟ್ಟಾ ತೀರಿಕೊಂಡರು. ಎಗ್ಯಾ ಎಂದರೆ ಅಪ್ಪ, ಮಾಮೆ ಎಂದರೆ ಅಮ್ಮ, ಹಿರಿಯರನ್ನೆಲ್ಲ ನಾವು ಹಾಗೆಯೇ ಕರೆಯುತ್ತೇವೆ. ಹೆಣ ಕೇಪ್ ಕೋಸ್ಟಿನ ಶೀತಲ ಕೋಣೆಯಲ್ಲಿತ್ತು. ಆಗಸ್ಟಿನ ಮೊದಲ ಶನಿವಾರ ಮಣ್ಣು ಎಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಹೊಸ ಯಜಮಾನ ಯಾರೆಂದು ತೀರ್ಮಾನವಾಗಬೇಕು. ಸಾವಿಗೆ ಬಂದವರ ಕೈ ಹಿಡಿದು ಬರಮಾಡಿಕೊಳ್ಳುವವನು ಅವನೇ ತಾನೇ. ಬಹುಪಾಲು ಜನ ಎಕುವಾಳ ತಮ್ಮ ಕೋಬಿನಾನ ಹೆಸರು ಹೇಳಿದರು. ದೋಣಿ, ಬಲೆ ಇದ್ದವನು, ಮೀನು ಹಂಚುವಾಗ ವಿಧವೆಯರ ಪಾಲು ಮೊದಲು ತೆಗೆಯುವವನು, ಎರಡು ಮನೆ ಜಗಳವಾಡಿದರೆ ಎರಡೂ ಕಡೆ ಉಂಡು ರಾಜಿ ಮಾಡಿಸುವವನು. ಎದುರು ನಿಂತವನು ನಮ್ಮದೇ ಕುಟುಂಬದ ಅಮಿಸ್ಸಾ, ಸುಂಕದ ಇಲಾಖೆಯಿಂದ ನಿವೃತ್ತನಾದವನು, ಕೋಟು ತೊಟ್ಟುಕೊಂಡೇ ಮೀನು ಕೊಳ್ಳಲು ಬರುವವನು. ಅವನ ಕೈಯಲ್ಲಿ ಒಂದೇ ಒಂದು ಅಸ್ತ್ರವಿತ್ತು. ಕೊಂಡು ತಂದ ಹೆಣ್ಣಿನ ಸಂತಾನದವರು ಮನೆಯಲ್ಲಿ ಏನು ಬೇಕಾದರೂ ಆಗಬಹುದು, ಯಜಮಾನನ ಪೀಠಕ್ಕೆ ಮಾತ್ರ ಕೂರುವ ಹಾಗಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಅವನೇ ಕೆಡುತ್ತಾನೆ. ಹೀಗಾಗಿ ಕೋಬಿನಾನ ಹೆಸರು ಬಂದಾಗಲೆಲ್ಲ ಕೆಮ್ಮುತ್ತಿದ್ದ. ಅವನ ಕೆಮ್ಮು ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು.

ಅದೇ ವಾರ ಗುಲಾಮರ ಬಿಡುಗಡೆಯ ದಿನದ ಆಚರಣೆಗೆ ಕಡಲಾಚೆಯಿಂದ ಜನ ಬಂದರು. ಆ ವಾರ ಊರವರಿಗೂ ಕೋಟೆಯೊಳಗೆ ಬಿಡುತ್ತಾರೆ. ನಾನು ಬುಟ್ಟಿ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಅಮಿಸ್ಸಾನ ತಂಗಿಯ ಮಗಳು ಮೊಬೈಲು ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೋ ತೆಗೆಯುತ್ತಿದ್ದಳು. ಎಕುವಾಳ ಗುಂಪಿನಲ್ಲಿ ವರ್ನೀಟಾ ಎಂಬ ಅಮೆರಿಕದ ಹೆಂಗಸು ಇದ್ದಳು, ಬಾಲ್ಟಿಮೋರಿನ ಕರಿಯರ ಚರ್ಚಿನವಳು, ವರ್ಷಗಟ್ಟಲೆ ನರ್ಸಾಗಿ ದುಡಿದವಳು. ಹೆಂಗಸರ ನೆಲಮಾಳಿಗೆಯಿಂದ ಮೇಲೆ ಬಂದವಳು ಎಕುವಾಳ ಎದುರು ನಿಂತುಬಿಟ್ಟಳು. ಅವಳು ಅಳುತ್ತಿರಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು.

“ನಮ್ಮನ್ನ ಮಾರಿ ನೀವು ಮನೇಲಿ ಹಾಯಾಗಿ ಉಂಡುಕೊಂಡಿದ್ರಿ. ನಿಮ್ಮ ಕಡೆಯವರಲ್ಲಿ ಒಬ್ಬರ ಕಾಲಿಗಾದ್ರೂ ಸರಪಳಿ ಬಿದ್ದಿತ್ತಾ? ಒಬ್ಬರ ಹೆಸರು ಹೇಳಿ ನೋಡೋಣ.”

ಈ ಪ್ರಶ್ನೆಗೆ ಗೈಡುಗಳೆಲ್ಲ ಕಲಿತಿಟ್ಟುಕೊಂಡ ಉತ್ತರವೊಂದಿದೆ. ನಾವೆಲ್ಲ ಒಂದೇ ರಕ್ತ, ನೀವು ನಿಮ್ಮ ಮನೆಗೇ ಬಂದಿದ್ದೀರಿ ಎಂದು ಕೈ ಹಿಡಿದುಕೊಂಡರೆ ಮುಗಿಯಿತು. ಎಕುವಾ ಅದನ್ನೇ ಹೇಳಲು ಬಾಯಿ ತೆರೆದಳು. ಹೊರಟಿದ್ದು ಬೇರೆ ಮಾತು.

“ಬಿದ್ದಿತ್ತು,” ಎಂದಳು. “ನಮ್ಮಜ್ಜಿಯ ಅಜ್ಜಿ ಕಾಲಿಗೆ ಬಿದ್ದಿತ್ತು. ಹಡಗುಗಳು ಬರೋದು ನಿಂತು ಎಷ್ಟೋ ವರ್ಷ ಆಗಿತ್ತು, ಕೊಳ್ಳೋದು ನಿಂತಿರ್ಲಿಲ್ಲ. ಉತ್ತರದ ಕಡೆಯಿಂದ ಹಿಡಿದು ತಂದು ಈ ಗೋಡೆ ಹೊರಗೆ ಮಾರಿದ್ರು, ನಮ್ಮ ಮನೆಯವರು ಕೊಂಡ್ರು. ಎರಡು ಸಲ ಓಡಿಹೋದ್ಳು, ಎರಡು ಸಲಾನೂ ಹಿಡಿದು ತಂದ್ರು. ಹೆಸರು ಕೇಳ್ತೀರಲ್ಲ, ಅವಳ ಹೆಸರು ನಮಗೆ ಗೊತ್ತಿಲ್ಲ. ಮನೆಯವರು ಇಟ್ಟ ಹೆಸರಿಗೆ ಸಾಯೋತನಕ ಓಗೊಡ್ಲಿಲ್ಲ. ನೀವು ಹಡಗು ಹತ್ತಿದವರ ಮಕ್ಕಳು. ನಾನು ಹತ್ತದೆ ಉಳಿದವಳ ಮಗಳು.”

ವರ್ನೀಟಾ ಅವಳನ್ನು ಬಾಚಿ ತಬ್ಬಿಕೊಂಡಳು. ಈಗ ಅತ್ತಳು, ಭುಜ ಅಲುಗುವ ಹಾಗೆ ಅತ್ತಳು. ಗುಂಪಿನ ಉಳಿದವರೂ ಕಣ್ಣೊರೆಸಿಕೊಂಡರು. ನಾನು ನೋಡುತ್ತಿದ್ದುದು ಬೇರೆ ಕಡೆ. ಅಮಿಸ್ಸಾನ ತಂಗಿಯ ಮಗಳು ಆಗಲೇ ಮೊಬೈಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಕಡೆ ಓಡುತ್ತಿದ್ದಳು.

ಅಂಗಡಿಗೆ ಬಂದ ಎಕುವಾಳನ್ನು ಚೆನ್ನಾಗಿ ಉಗಿದೆ. ಅವಳು ಸಮಾಧಾನವಾಗಿಯೇ ಇದ್ದಳು. ಇನ್ನೊಬ್ಬರ ಮೂಲ ಹೇಳುವುದು ತಪ್ಪು, ತಾನು ಹೇಳಿದ್ದು ತನ್ನದನ್ನು, ಅದಕ್ಕೆ ಯಾವ ಕಟ್ಟಳೆಯೂ ಅಡ್ಡಿಯಿಲ್ಲ ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು.

“ನಿನ್ನ ತಮ್ಮ ಏನು ಬೇರೆ ಮರದಿಂದ ಉದುರಿದವನೇನೇ?” ಎಂದೆ.

ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಕೋಟೆಯೊಳಗೆ ನಿಂತಾಗ ಅವಳು ಗೈಡ್, ಅಲ್ಲಿ ಅವಳಿಗೆ ಮನೆ, ತಮ್ಮ, ಪೀಠ ಯಾವುದೂ ನೆನಪಿರುವುದಿಲ್ಲ. ತನ್ನ ಮಾತೆಂದು ಆಡಿದ್ದು ಅದೇ ಹೊಟ್ಟೆಯಲ್ಲಿ ಹುಟ್ಟಿದವನ ಮಾತೂ ಆಗುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಸಂಜೆಯೊಳಗೆ ಆ ವಿಡಿಯೋ ಊರಿನ ಎಲ್ಲರ ಮೊಬೈಲಿಗೂ ಹೋಗಿತ್ತು.

ಮಾರನೆಯ ದಿನ ಮಂಗಳವಾರ. ಕಡಲಿಗೂ ವಾರಕ್ಕೊಂದು ದಿನ ರಜೆಯೆಂದು ನಮ್ಮಲ್ಲಿ ಆವತ್ತು ಯಾರೂ ಇಳಿಯುವುದಿಲ್ಲ. ಕೋಬಿನಾ ನನ್ನ ಅಂಗಡಿಗೆ ಬಂದು ಅಕ್ಕನ ಎದುರಿನ ಬೆಂಚಿನಲ್ಲಿ ಕೂತ. ದಡದಲ್ಲಿ ಬಲೆ ಹೊಲಿಯುತ್ತಿದ್ದವರು ಅವನನ್ನು ಕಂಡು ಮಾತು ನಿಲ್ಲಿಸಿದರಂತೆ. ದೊಡ್ಡ ಮಗನನ್ನು ಯಾರೋ ಉತ್ತರದವನೇ ಎಂದು ಕರೆದು ನಕ್ಕರಂತೆ. ಇಷ್ಟನ್ನು ನೆಲ ನೋಡಿಕೊಂಡು ಹೇಳಿದ.

“ಅಕ್ಕಾ, ಗುರುವಾರ ಸಭೆ ಕರೆದಿದಾರೆ. ಬಂದವರನ್ನ ಮೆಚ್ಚಿಸೋಕೆ ಕಟ್ಟಿದ ಕಥೆ ಅಂತ ಒಂದು ಮಾತು ಹೇಳ್ಬಿಡು. ಗೈಡುಗಳು ಕಥೆ ಕಟ್ಟೋದು ಊರಿಗೇ ಗೊತ್ತು. ಅಷ್ಟು ಹೇಳಿದ್ರೆ ಎಲ್ಲ ಮುಗೀತದೆ.”

“ಅಲ್ಲಿ ನಿಂತು ನಾನು ಒಂದು ದಿನ ಸುಳ್ಳು ಹೇಳಿದವಳಲ್ಲ ಕಣೋ.”

“ಹಾಗಾದ್ರೆ ನನ್ನ ಮಕ್ಕಳು ಮುಖ ಮುಚ್ಕೊಂಡು ಓಡಾಡ್ಲಾ?”

ಅವನು ದನಿ ಎತ್ತಲಿಲ್ಲ. ಎತ್ತಿದ್ದರೆ ಎಕುವಾಳಿಗೆ ಸುಲಭವಾಗುತ್ತಿತ್ತು. ಕೆಟ್ಟವನಾಗಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಚಿಕ್ಕಂದಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ತಿರುಗಿದ ತಮ್ಮ ಅವನು. ಕಣ್ಣು ತುಂಬಿಕೊಂಡು ಕೂತವನಿಗೆ ಅವಳು ಕೆಂಕಿ ಬಿಡಿಸಿ ಇಟ್ಟಳು. ಅವನು ಮುಟ್ಟದೆ ಎದ್ದು ಹೋದ. ಹೇಳುತ್ತೇನೆಂದೂ ಅವಳು ಅನ್ನಲಿಲ್ಲ, ಹೇಳುವುದಿಲ್ಲವೆಂದೂ ಅನ್ನಲಿಲ್ಲ. ಎರಡು ದಿನ ಕೋಟೆಗೆ ಹೋಗದೆ ನನ್ನ ಒಲೆಯ ಪಕ್ಕ ಕೂತು ಈರುಳ್ಳಿ ಸುಲಿದಳು.

ಗುರುವಾರ ಮಧ್ಯಾಹ್ನ ದೊಡ್ಡ ಮನೆಯ ಅಂಗಳದಲ್ಲಿ ಎಲ್ಲರೂ ಸೇರಿದೆವು. ಸಭೆಯ ಮಾತು ನಡೆಸುವವರು ಎಗ್ಯಾ ಓಟು, ಕೋಬಿನಾನ ಕಡೆಯವರೇ. ಅಮಿಸ್ಸಾ ಕೋಟಿನ ಗುಂಡಿ ಹಾಕಿಕೊಂಡು, ಕೈ ಕಟ್ಟಿಕೊಂಡು, ಹಬ್ಬದ ಊಟಕ್ಕೆ ಕಾಯುವವನ ಹಾಗೆ ಕೂತಿದ್ದ. ಮಾಮೆ ಅರಬಾ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರಿಗೆ ಕಣ್ಣು ಮಂಜಾಗಿತ್ತು, ಕಿವಿ ಮಂಜಾಗಿರಲಿಲ್ಲ. ಎಕುವಾ ನಡುವೆ ನಿಂತಳು.

ಎಗ್ಯಾ ಓಟು ಮಾತನ್ನು ಜಾಣತನದಿಂದಲೇ ಎತ್ತಿದರು. ಕೋಟೆಯಲ್ಲಿ ಬಂದವರ ಮುಂದೆ ಏನೋ ಕಥೆ ಹೇಳಿದೆಯಂತೆ, ಅದು ಕಥೆಯೇ ಆಗಿದ್ದರೆ ಯಾರಿಗೂ ತೊಂದರೆಯಿಲ್ಲ, ತೀರಿಕೊಂಡ ಯಜಮಾನರ ಹೆಸರಿನಲ್ಲಿ ಆಣೆ ಇಟ್ಟು ಹಾಗೆಂದು ಹೇಳಿದರೆ ಇಲ್ಲಿಗೆ ಮುಗಿಯಿತು ಎಂದರು. ಕಥೆಯಲ್ಲದಿದ್ದರೆ ಏನೆಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೋಬಿನಾನಿಗೆ ಪೀಠವಿಲ್ಲ, ಅವನ ಮಕ್ಕಳಿಗೆ ದಡದಲ್ಲಿ ಮರ್ಯಾದೆಯಿಲ್ಲ. ಷ್ನಾಪ್ಸ್ ಸುರಿದ ಗ್ಲಾಸನ್ನು ಅವಳ ಕೈಗೆ ಕೊಟ್ಟರು.

ಎಕುವಾ ಗ್ಲಾಸು ಹಿಡಿದುಕೊಂಡು ತಮ್ಮನನ್ನು ನೋಡಿದಳು. ಅವನು ನೋಡಲಿಲ್ಲ. ಅಮ್ಮನನ್ನು ನೋಡಿದಳು. ಇವಳು ಆಣೆ ಇಡದಿರಲಿ ಎಂದು ನನ್ನ ಅರ್ಧ ಮನಸ್ಸು, ಇಟ್ಟುಬಿಡಲಿ ಎಂದು ಇನ್ನರ್ಧ.

“ಎಗ್ಯಾ ಅಟ್ಟಾ ಆಣೆಗೂ, ಅದು ಬಂದವರಿಗೆ ಅಂತ ಕಟ್ಟಿದ ಕಥೆ,” ಎಂದಳು ಎಕುವಾ.

ಸತ್ತ ಹಿರಿಯರಿಗೆಂದು ನೆಲಕ್ಕೆ ನಾಲ್ಕು ಹನಿ ಬಿಟ್ಟು ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದಳು. ಅವಳು ಕುಡಿಯುವವಳಲ್ಲ. ಅಂಗಳಕ್ಕೆ ಉಸಿರು ಬಂತು. ಅಮಿಸ್ಸಾನ ಮುಖ ಸಪ್ಪಗಾಯಿತು. ಎಗ್ಯಾ ಓಟು ಸಭೆ ಮುಗಿಸಲು ಕೋಲು ಎತ್ತುವಷ್ಟರಲ್ಲಿ ಮಾಮೆ ಅರಬಾ ಗೋಡೆಯ ಕಡೆಯಿಂದ ಮಾತು ತೆಗೆದರು.

“ನನ್ನ ಮಗಳು ಆಣೆ ಇಟ್ಟಳು. ಕಥೆಯಂತೆ. ಸಂತೋಷ. ಹಾಗಾದ್ರೆ ನಾವೂ ನೀವೂ ಒಂದೇ ಹೊಟ್ಟೆಯವರು. ನಾಳೆ ಸಂಜೆ ಹೆಣ ಬರ್ತದೆ. ಅಮಿಸ್ಸಾ, ನಿನ್ನ ತಂಗಿ ತೊಳೀಲಿ. ಮನ್ಸಾ ತೊಳೀಲಿ. ನಮ್ಮಮ್ಮ ತೊಳೆದ್ಲು, ನಾನು ತೊಳೆದೆ, ಇವಳು ತೊಳೆದ್ಲು. ಇಷ್ಟು ಜನ ಹೆಂಗಸರಿರೋ ಮನೇಲಿ ನಾವೇ ಯಾಕೆ ಅಂತ ಯಾರಾದ್ರೂ ಹೇಳಿ. ನಮ್ಮ ಮೂಲ ತೆಗೀದೆ ಹೇಳಿ.”

ಹೇಳುವುದಾದರೂ ಹೇಗೆ? ಕಾರಣ ಹೇಳಿದರೆ ಕಟ್ಟಳೆ ಮುರಿಯಬೇಕು, ಹೇಳದಿದ್ದರೆ ನಾಳೆ ಬಕೆಟ್ಟು ಹಿಡಿಯಬೇಕು. ಹಿರಿಯರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಅಮಿಸ್ಸಾನ ತಂಗಿ ಅಣ್ಣನ ತೋಳು ಹಿಡಿದು, ತನಗೆ ಹೆಣ ಕಂಡರೆ ಆಗುವುದಿಲ್ಲವೆಂದು ಪಿಸುಗುಟ್ಟಿದಳು. ಅಮಿಸ್ಸಾ ಮೊದಲೇ ಕುದಿಯುತ್ತಿದ್ದ. ವಾರವಿಡೀ ಕೆಮ್ಮಿನಲ್ಲೇ ತಡೆದಿಟ್ಟದ್ದು ಈಗ ಉಕ್ಕಿ ಬಂತು.

“ಅದಕ್ಕೇ ಅಂತ ನಿಮ್ಮನ್ನ ಕೊಂಡು ತಂದಿದ್ದು. ನೀವಲ್ದೆ ಇನ್ಯಾರು ತೊಳೀಬೇಕು?”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. ಎಗ್ಯಾ ಓಟು ಬಹಳ ಮೆಲ್ಲಗೆ, ಏನಂದೆಯಪ್ಪಾ, ಇನ್ನೊಂದು ಸಲ ಹೇಳು ಎಂದರು. ತುಂಬಿದ ಸಭೆಯಲ್ಲಿ, ಮನೆಯ ಹಿರಿಯ ಹೆಂಗಸಿನ ಮುಖಕ್ಕೇ ಅವಳ ಮೂಲ ಎತ್ತಿದವನು ಯಜಮಾನನಾಗುವುದು ಹಾಗಿರಲಿ, ಆ ವರ್ಷ ಸಭೆಯಲ್ಲಿ ಬಾಯಿ ತೆರೆಯುವ ಹಾಗೂ ಇಲ್ಲ. ಕುರಿ ಕೊಟ್ಟ, ಷ್ನಾಪ್ಸ್ ಕೊಟ್ಟ, ಮುದುಕಿಯ ಕಾಲು ಹಿಡಿದ. ದಂಡ ಕಟ್ಟಿದ ಮೇಲೆ ಆಡಿದ ಮಾತು ಆಡಲೇ ಇಲ್ಲವೆಂದು ಲೆಕ್ಕ. ಕೋಬಿನಾನನ್ನು ಪೀಠದ ಮೇಲೆ ಕೂರಿಸಿ, ಭುಜಕ್ಕೆ ಗೆಲುವಿನ ಬಿಳಿ ಪುಡಿ ಹಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಎಕುವಾ ಖಾಲಿ ಗ್ಲಾಸನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಗ್ಲಾಸು ಯಾರಿಗೆ ಕೊಡಬೇಕೆಂದು ಅವಳಿಗೆ ತೋಚಿದ ಹಾಗಿರಲಿಲ್ಲ.

ಮಾಮೆ ಅರಬಾ ಕೇಳಿದ್ದಕ್ಕೆ ಲೆಕ್ಕಕ್ಕೆ ಬರುವ ಉತ್ತರ ಸಿಗಲಿಲ್ಲವಾದ್ದರಿಂದ ಶುಕ್ರವಾರ ಸಂಜೆ ಬಕೆಟ್ಟು ಹಿಡಿದವರು ಅವರು ಹೆಸರಿಸಿದ ನಾವಿಬ್ಬರೇ. ಅಮಿಸ್ಸಾನ ತಂಗಿ ಬಾಗಿಲ ತನಕ ಬಂದು, ವಾಂತಿ ಮಾಡಿಕೊಂಡು ವಾಪಸಾದಳು. ಒಳಗೆ ಉಳಿದವಳು ನಾನೊಬ್ಬಳೇ. ಎಗ್ಯಾ ಅಟ್ಟಾ ನನ್ನನ್ನು ಎತ್ತಿ ಆಡಿಸಿದವರು, ಅವರ ತಣ್ಣನೆಯ ಕುತ್ತಿಗೆ ಮುಟ್ಟಲು ನನ್ನಿಂದ ಆಗಲಿಲ್ಲ. ಬರಬೇಕಾಗಿರದ ಎಕುವಾ ಬಂದಳು. ಬಟ್ಟೆ ಸೊಂಟಕ್ಕೆ ಬಿಗಿದು, ತಲೆಯ ಕೆಳಗೆ ಕೈ ಹೇಗೆ ಕೊಡಬೇಕು, ಸೋಪಿನ ನೀರು ಕಣ್ಣಿಗೆ ಹೋಗದ ಹಾಗೆ ಹಣೆ ಹೇಗೆ ಒರೆಸಬೇಕು ಎಂದು ತೋರಿಸಿದಳು. ನಾನು ತೊಳೆದೆ. ತೊಳೆಯುತ್ತಾ ಎಣಿಸಿದೆ, ನನ್ನ ಅಜ್ಜಿ, ನನ್ನ ಅಮ್ಮ, ಹುಟ್ಟಿದ ವಾರಕ್ಕೇ ಹೋದ ನನ್ನ ಮಗು, ಎಲ್ಲರನ್ನೂ ತೊಳೆದ ಕೈ ಎಕುವಾ ಮತ್ತು ಅವಳ ಅಮ್ಮನದೇ. ನನಗೆ ನಾಚಿಕೆಯಾಯಿತು.

ಭಾನುವಾರ ಚರ್ಚು ಮುಗಿದ ಮೇಲೆ ವರ್ನೀಟಾ ಅಂಗಡಿಗೆ ಬಂದಳು. ಸಂಜೆ ಅವಳ ವಿಮಾನ. ಕೋಟೆಯ ಹುಡುಗ ಗೈಡೊಬ್ಬ ನಗುನಗುತ್ತಾ ಅವಳಿಗೆ ಹೇಳಿಬಿಟ್ಟಿದ್ದ, ಆಂಟಿ, ಎಕುವಾ ಹೇಳಿದ್ದು ಕಟ್ಟುಕಥೆಯಂತೆ, ಸಭೆಯಲ್ಲಿ ಅವಳೇ ಆಣೆ ಇಟ್ಟಳಂತೆ ಎಂದು. ವರ್ನೀಟಾ ಕೂರಲಿಲ್ಲ. ಎಕುವಾ ಒಲೆಯ ಪಕ್ಕ ಮೀನಿಗೆ ಉಪ್ಪು ಸವರುತ್ತಿದ್ದಳು.

“ನನ್ನ ಕಣ್ಣು ನೋಡಿ ಹೇಳು, ಸಿಸ್ಟರ್. ನನಗೆ ಸುಳ್ಳು ಹೇಳಿದ್ಯಾ? ನಾನು ಊರಿಗೆ ಹೋಗಿ ಚರ್ಚಿನಲ್ಲಿ ಏನಂತ ಹೇಳ್ಲಿ? ಉಳಿದವರಲ್ಲೂ ನಮ್ಮಂಥವರಿದ್ರು ಅಂತಲಾ, ನನ್ನನ್ನ ಅಳಿಸಿ ಆಟ ಆಡಿದ್ರು ಅಂತಲಾ?”

ಎಕುವಾ ಕತ್ತೆತ್ತಿದಳು, ಕಣ್ಣು ನೋಡಿದಳು. ಕೋಟೆಯಲ್ಲಿ ಹೇಳಿದ್ದು ನಿಜ ಎಂದು ಹೇಳಿದರೆ ಸತ್ತವರ ಹೆಸರಿನಲ್ಲಿ ಇಟ್ಟ ಆಣೆ ಮುರಿದು, ಮೂರು ದಿನದ ಯಜಮಾನ ಪೀಠದಿಂದ ಇಳಿಯಬೇಕು. ಅಮಿಸ್ಸಾನ ಕಡೆಯವರಿಬ್ಬರು ನನ್ನದೇ ಬೆಂಚಿನಲ್ಲಿ ಕೂತು, ತಿನ್ನುವುದನ್ನು ಬಿಟ್ಟು ಕಿವಿ ನೆಟ್ಟಿದ್ದರು. ಸುಳ್ಳು ಎಂದು ಹೇಳಿದರೆ ಸರಪಳಿ ಬಿದ್ದ ಆ ಅಜ್ಜಿಯನ್ನು ಇನ್ನೊಂದು ಸಲ ಮಾರಿದ ಹಾಗೆ. ಎಕುವಾ ಉಪ್ಪಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ವರ್ನೀಟಾ ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ತಿರುಗಿದಳು. ನಾನು ಸೌಟು ಕೆಳಗಿಟ್ಟೆ.

“ನಿಲ್ಲಿ,” ಎಂದೆ. “ಅವಳ ವಿಷಯ ನಾನು ಹೇಳೋ ಹಾಗಿಲ್ಲ. ನನ್ನದು ಹೇಳ್ತೀನಿ, ಕೇಳ್ಕೊಂಡು ಹೋಗಿ. ನಮ್ಮಜ್ಜಿಯ ಅಜ್ಜಿ ಈ ಗೋಡೆ ಹೊರಗೆ ಒಬ್ಬ ಹುಡುಗೀನ ಕೊಂಡ್ಲು. ಆ ಹು‌ಡುಗಿ ಎರಡು ಸಲ ಓಡಿಹೋದ್ಲು. ಎರಡು ಸಲಾನೂ ಆಳು ಕಳಿಸಿ ಹಿಡಿಸಿ ತಂದವಳು ನಮ್ಮಜ್ಜಿಯ ಅಜ್ಜಿನೇ. ನಾನು ಅವಳ ಸಂತಾನ. ಆ ಹುಡುಗಿಯ ಮಕ್ಕಳು ಯಾರು ಅಂತ ಮಾತ್ರ ನನ್ನ ಕೇಳ್ಬೇಡಿ.”

ಬೆಂಚಿನಲ್ಲಿದ್ದ ಇಬ್ಬರೂ ಬಾಯಿ ತೆರೆದರು, ಮುಚ್ಚಿಕೊಂಡರು. ನಾನು ಯಾರ ಮೂಲವನ್ನೂ ಹೇಳಿರಲಿಲ್ಲ, ನನ್ನದನ್ನು ಬಿಟ್ಟು. ವರ್ನೀಟಾ ನನ್ನನ್ನು ಬಹಳ ಹೊತ್ತು ನೋಡಿದಳು, ಆ ನೋಟ ಹಿತವಾಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆಮೇಲೆ ಚೀಲ ಇಳಿಸಿ, ಎಕುವಾಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಮುಖ ಮುಚ್ಚಿದ್ದ ಅವಳ ಕೈಗಳನ್ನು ಬಿಡಿಸಿ ತನ್ನ ಕೈಯಲ್ಲಿಟ್ಟುಕೊಂಡಳು.

ಎಕುವಾ ನೋಡಿದ್ದು ಅವಳನ್ನಲ್ಲ, ನನ್ನನ್ನು.

“ಹಿಡಿಸಿ ತಂದವಳು ಯಾರು ಅಂತ ನಂಗೆ ಗೊತ್ತಿತ್ತು ಕಣೆ ಮನ್ಸಾ,” ಎಂದಳು. “ನೀನು ಹೇಳ್ತೀಯ ಅಂತ ಗೊತ್ತಿರ್ಲಿಲ್ಲ.”